ಕೆಂಪು ಕಮರಿ, ಎತ್ತರದ ಮರುಭೂಮಿ: ಹತ್ತು ದಿನಗಳ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯಾನು ಓಡಿಸುವವನೂ ನಾನೇ, ಹಾದಿಯಲ್ಲಿ ಮುಂದೆ ನಡೆಯುವವನೂ ನಾನೇ, ಹೊರಡುವ ಮುನ್ನ ಬರುವ ಫೋನ್‌ಗಳಿಗೆ ಉತ್ತರಿಸುವವನೂ ನಾನೇ. ವರ್ಷಗಳಿಂದ ಕೇಳಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದವರು ಎರಡನೆಯ ಪ್ರಶ್ನೆಯನ್ನಾದರೂ ಓದಿ ಬನ್ನಿ. ಉಳಿದ ಅರ್ಧದಷ್ಟು ಉತ್ತರಗಳು ಅದರಿಂದಲೇ ಹುಟ್ಟಿದವು.

1. ಪ್ರವಾಸ ಎಲ್ಲಿಂದ ಎಲ್ಲಿಗೆ?

ಅಮೆರಿಕದ ನೆವಾಡಾ ರಾಜ್ಯದ ಲಾಸ್ ವೇಗಾಸ್‌ನಿಂದ ಹೊರಟು ಯೂಟಾ, ಅರಿಜೋನಾ ಸುತ್ತಿ ಮತ್ತೆ ಲಾಸ್ ವೇಗಾಸ್‌ಗೇ ಬರುತ್ತೇವೆ. ಮೊದಲ ಎರಡು ರಾತ್ರಿ ಝಯಾನ್ ಉದ್ಯಾನದ ಬಾಗಿಲಲ್ಲಿರುವ ಸ್ಪ್ರಿಂಗ್‌ಡೇಲ್‌ನಲ್ಲಿ, ಮೂರನೆಯದು ಬ್ರೈಸ್ ಕ್ಯಾನ್ಯನ್ ಬಳಿ, ನಾಲ್ಕನೆಯದು ಕ್ಯಾಪಿಟಲ್ ರೀಫ್ ಪಕ್ಕದ ಟೋರಿ ಎಂಬ ಪುಟ್ಟ ಊರಿನಲ್ಲಿ. ಆಮೇಲೆ ಎರಡು ರಾತ್ರಿ ಮೋಆಬ್. ಆರ್ಚಸ್ ಮತ್ತು ಕ್ಯಾನ್ಯನ್‌ಲ್ಯಾಂಡ್ಸ್ ಎರಡೂ ಅಲ್ಲಿಂದಲೇ. ಏಳನೆಯ ರಾತ್ರಿ ಮಾನ್ಯುಮೆಂಟ್ ವ್ಯಾಲಿ, ಕೊನೆಯ ಎರಡು ರಾತ್ರಿ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು. ಒಟ್ಟು ರಸ್ತೆ 2,000 ಕಿ.ಮೀ. ದಾಟುತ್ತದೆ. ಗುಂಪಿನಲ್ಲಿ ಹನ್ನೆರಡು ಜನಕ್ಕಿಂತ ಹೆಚ್ಚಿಲ್ಲ.

2. ಮರುಭೂಮಿಗೆ ಹೋಗುತ್ತಿರುವಾಗ ಸ್ವೆಟರ್, ಟೊಪ್ಪಿ, ಕೈಗವಸು ಏಕೆ ಎಂದು ಬರೆದಿದ್ದೀರಿ?

ಮರುಭೂಮಿ ಎಂದರೆ ತಗ್ಗಿನಲ್ಲಿರುವ ಮರಳಿನ ದಿಬ್ಬ ಎಂಬ ಚಿತ್ರ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ನಾವು ಹೋಗುವುದು ಕೊಲರಾಡೋ ಪ್ರಸ್ಥಭೂಮಿಗೆ. ಇದು ಎತ್ತಿ ಹಿಡಿದ ಮರುಭೂಮಿ. ಲಾಸ್ ವೇಗಾಸ್ ಸಮುದ್ರಮಟ್ಟದಿಂದ ಸುಮಾರು 610 ಮೀಟರ್ ಎತ್ತರದಲ್ಲಿದೆ. ಝಯಾನ್ ಕಮರಿಯ ತಳ 1,200 ಮೀಟರ್ ಆಸುಪಾಸು. ಬ್ರೈಸ್‌ನ ಅಂಚು 2,400 ಮೀಟರ್‌ನಿಂದ ಶುರುವಾಗಿ ರೇನ್‌ಬೋ ಪಾಯಿಂಟ್‌ನಲ್ಲಿ 2,778 ಮೀಟರ್ ಮುಟ್ಟುತ್ತದೆ. ಮರುದಿನ ಬೋಲ್ಡರ್ ಮೌಂಟನ್ ದಾಟುವಾಗ ರಸ್ತೆಯೇ 2,900 ಮೀಟರ್‌ಗೆ ಏರುತ್ತದೆ. ಸುತ್ತ ಆಸ್ಪೆನ್ ಮರಗಳು, ಮೇ ತಿಂಗಳಲ್ಲೂ ರಸ್ತೆಯ ಬದಿಗೆ ಹಿಮ. ಅಲ್ಲಿಂದ ಎರಡು ದಿನದಲ್ಲಿ ಮತ್ತೆ 1,230 ಮೀಟರ್‌ನ ಮೋಆಬ್‌ಗೆ ಇಳಿಯುತ್ತೇವೆ. ಸಾವಿರ ಮೀಟರ್ ಏರಿದರೆ ಸರಿಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ತಾಪಮಾನ ಕಳೆಯಿರಿ. ಝಯಾನ್‌ನಲ್ಲಿ ಬೆವರು ಒರೆಸಿಕೊಂಡವರು ಅದೇ ವಾರ ಬ್ರೈಸ್‌ನಲ್ಲಿ ಹಲ್ಲು ಕಟಕಟಿಸುತ್ತಾರೆ.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹಾಗಾಗಿ ನಾನು ಒಂದು ಉಪಾಯ ಮಾಡುತ್ತೇನೆ. ಮೊದಲ ದಿನ ಲಾಸ್ ವೇಗಾಸ್‌ನ ಅಂಗಡಿಯಲ್ಲಿ ಕೊಂಡ ಒಂದು ಆಲೂಗಡ್ಡೆ ಚಿಪ್ಸ್ ಪೊಟ್ಟಣವನ್ನು ಒಡೆಯದೆ ವ್ಯಾನಿನ ಮುಂಭಾಗದಲ್ಲಿ, ಎಲ್ಲರಿಗೂ ಕಾಣುವಂತೆ ಇಡುತ್ತೇನೆ. ಹೊರಡುವಾಗ ಅದು ಸಪ್ಪಗೆ ಮಲಗಿರುತ್ತದೆ. ಝಯಾನ್ ದಾಟಿ ಮೇಲೇರುತ್ತಿದ್ದಂತೆ ಮೂಲೆಗಳು ನಿಮಿರುತ್ತವೆ. ಬ್ರೈಸ್ ಮುಟ್ಟುವಾಗ ಪೊಟ್ಟಣ ದಿಂಬಿನಂತೆ ಉಬ್ಬಿ, ಬೆರಳಲ್ಲಿ ತಟ್ಟಿದರೆ ಟಣ್ ಎನ್ನುತ್ತದೆ. ಒಳಗಿನ ಗಾಳಿ ಅಷ್ಟೇ ಇದೆ; ಹೊರಗಿನ ಗಾಳಿ ತೆಳುವಾಗಿದೆ. ನಿಮ್ಮ ಎದೆಗೂ ಅದೇ ತೆಳು ಗಾಳಿ. ಅದಕ್ಕೇ ಬ್ರೈಸ್‌ನಲ್ಲಿ ಹತ್ತು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ, ಕೆಲವರಿಗೆ ಮೊದಲ ರಾತ್ರಿ ತಲೆ ಭಾರವಾಗುತ್ತದೆ, ನಿದ್ದೆ ಸರಿಯಾಗಿ ಹತ್ತುವುದಿಲ್ಲ. ಆ ದಿನ ಮದ್ಯ ಬೇಡ, ಊಟ ಹಗುರವಾಗಿರಲಿ, ಹೆಜ್ಜೆ ನಿಧಾನವಿರಲಿ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಈ ಎತ್ತರದ ಅಂಕಿಗಳನ್ನು ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ. "ಅಮೆರಿಕಕ್ಕೆ ಹೋಗುತ್ತಿದ್ದೇನೆ" ಎಂದಷ್ಟೇ ಹೇಳಿದರೆ ಅವರಿಗೂ ಗೊತ್ತಾಗುವುದಿಲ್ಲ.

ಚಿಪ್ಸ್ ಪೊಟ್ಟಣವನ್ನು ಮೋಆಬ್‌ನಲ್ಲಿ ಒಡೆಯುತ್ತೇವೆ. ಅಷ್ಟರಲ್ಲಿ ಅದು ಪುಡಿಯಾಗಿರುತ್ತದೆ.

3. ಯಾವ ತಿಂಗಳು ಬಂದರೆ ಒಳ್ಳೆಯದು?

ನಾವು ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ, ಮತ್ತೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ಹೊರಡುತ್ತೇವೆ. ನನ್ನನ್ನು ಕೇಳಿದರೆ ಅಕ್ಟೋಬರ್ ಮೊದಲೆರಡು ವಾರ. ಬೋಲ್ಡರ್ ಮೌಂಟನ್‌ನ ಆಸ್ಪೆನ್ ಎಲೆಗಳು ಅರಿಶಿನ ಬಣ್ಣಕ್ಕೆ ತಿರುಗಿರುತ್ತವೆ, ಕ್ಯಾಪಿಟಲ್ ರೀಫ್‌ನ ತೋಟಗಳಲ್ಲಿ ಸೇಬು ಇನ್ನೂ ಸಿಕ್ಕರೂ ಸಿಗಬಹುದು.

ಜುಲೈ, ಆಗಸ್ಟ್‌ನಲ್ಲಿ ಏಕಿಲ್ಲ ಎಂದು ರಜೆಯ ಲೆಕ್ಕ ಹಾಕುವವರು ಕೇಳುತ್ತಾರೆ. ಝಯಾನ್ ಮತ್ತು ಮೋಆಬ್‌ನಲ್ಲಿ ಆಗ 38 ಡಿಗ್ರಿ ಸಾಮಾನ್ಯ. ಜೊತೆಗೆ ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗು ಮಳೆಯ ಕಾಲ. ಅದರ ಕಥೆ ಮುಂದೆ ಇದೆ.

4. ನನಗೆ 67 ವರ್ಷ, ಮಂಡಿ ನೋವಿದೆ. ಬರಬಹುದೇ?

ಬರಬಹುದು. ಈ ಪ್ರಶ್ನೆ ಕೇಳಿದವರಿಂದ ನನಗೆ ತೊಂದರೆಯಾದದ್ದು ಕಡಿಮೆ. ತೊಂದರೆಯಾಗುವುದು ಏನನ್ನೂ ಕೇಳದ, ಹೊಸ ಶೂ ಹಾಕಿಕೊಂಡು ಬರುವ ಮೂವತ್ತೈದರ ಗಟ್ಟಿಗರಿಂದ.

ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿ ಕಮರಿಯ ತುದಿಗುಂಟ ಹಲವು ಕಿ.ಮೀ. ಸಿಮೆಂಟು ಹಾದಿ ಇದೆ, ಉಚಿತ ಬಸ್ ಇದೆ. ಝಯಾನ್‌ನಲ್ಲಿ ವರ್ಜಿನ್ ನದಿಯ ಪಕ್ಕದ ರಿವರ್‌ಸೈಡ್ ವಾಕ್ ಹೋಗಿ ಬರಲು 3.5 ಕಿ.ಮೀ., ಹೆಚ್ಚುಕಡಿಮೆ ಸಮತಟ್ಟು. ಕ್ಯಾನ್ಯನ್‌ಲ್ಯಾಂಡ್ಸ್‌ನಲ್ಲಿ ಸೂರ್ಯೋದಯಕ್ಕೆ ಹೋಗುವ ಮೇಸಾ ಆರ್ಚ್‌ಗೆ ಒಂದು ಕಿ.ಮೀ. ಸುತ್ತು. ಕಷ್ಟವಾಗುವುದು ಎರಡು ಕಡೆ. ಬ್ರೈಸ್‌ನಲ್ಲಿ ಕಲ್ಲುಕಂಬಗಳ ನಡುವೆ ಇಳಿದು ಹತ್ತುವುದು. ಆರ್ಚಸ್‌ನಲ್ಲಿ ಡೆಲಿಕೇಟ್ ಆರ್ಚ್‌ವರೆಗಿನ ನಡಿಗೆ. ಎರಡನೆಯದು ಹೋಗಿ ಬರಲು 4.8 ಕಿ.ಮೀ., ಏರು 146 ಮೀಟರ್, ನೆರಳು ಎಂಬುದು ಹೆಸರಿಗೂ ಇಲ್ಲ, ಕಾಲಡಿ ನುಣುಪಾದ ಬೋಳು ಬಂಡೆ. ಬೇಡವೆನಿಸಿದವರಿಗೆ ಅದೇ ಕಮಾನನ್ನು ದೂರದಿಂದ ನೋಡುವ ಜಾಗಕ್ಕೆ ರಸ್ತೆಯೇ ಇದೆ.

ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಶಿಕ್ಷೆ. ಎರಡು ಊರುಗೋಲು ತನ್ನಿ. ನಾಚಿಕೆ ಬೇಡ, ನನ್ನ ಕೈಯಲ್ಲೂ ಇರುತ್ತವೆ.

5. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ನದಿಯವರೆಗೆ ಇಳಿದು ಅದೇ ದಿನ ಹತ್ತಿ ಬರಬಹುದೇ?

ಇಲ್ಲ. ನಾನು ಕರೆದೊಯ್ಯುವುದಿಲ್ಲ, ನೀವಾಗಿ ಹೋಗುತ್ತೇನೆಂದರೂ ಬಿಡುವುದಿಲ್ಲ. ಉದ್ಯಾನದವರೂ ಬೇಡವೆಂದೇ ಹೇಳುತ್ತಾರೆ.

ಬೆಟ್ಟ ಹತ್ತುವಾಗ ಮೊದಲು ಸುಸ್ತಾಗುತ್ತದೆ, ಆಮೇಲೆ ಇಳಿಜಾರು ಕಾಯುತ್ತದೆ. ಕಮರಿ ಇದರ ತದ್ವಿರುದ್ಧ. ಬೆಳಗಿನ ತಂಪಿನಲ್ಲಿ, ಹೊಸ ಕಾಲಿನಲ್ಲಿ, ನಗುನಗುತ್ತಾ ಇಳಿಯುತ್ತೀರಿ. ಅಂಚಿನ ಎತ್ತರ 2,100 ಮೀಟರ್, ತಳದಲ್ಲಿ ನದಿ 750 ಮೀಟರ್. ಜುಲೈಯಲ್ಲಿ ಅಂಚಿನಲ್ಲಿ ಸರಾಸರಿ ಗರಿಷ್ಠ 29 ಡಿಗ್ರಿ ಇದ್ದರೆ ತಳದಲ್ಲಿ 41. ಬಿಸಿಲು ನೆತ್ತಿಗೆ ಬಂದಾಗ, ಬಾಟಲಿ ಬರಿದಾದಾಗ, ಏರು ಶುರುವಾಗುತ್ತದೆ. ನಮ್ಮ ಲೆಕ್ಕ ಸರಳ: ಇಳಿಯಲು ಒಂದು ಪಾಲು ಸಮಯವಾದರೆ ಹತ್ತಲು ಎರಡು ಪಾಲು.

ಒಂಬತ್ತನೆಯ ದಿನ ಬೆಳಿಗ್ಗೆ ಸೌತ್ ಕೈಬಾಬ್ ಹಾದಿಯಲ್ಲಿ ಸೀಡರ್ ರಿಡ್ಜ್‌ವರೆಗೆ, ಅಂದರೆ ಸುಮಾರು ಎರಡೂವರೆ ಕಿ.ಮೀ. ಇಳಿಯುತ್ತೇವೆ. ಆ ಹಾದಿಯಲ್ಲಿ ಕುಡಿಯುವ ನೀರಿನ ನಲ್ಲಿ ಒಂದೂ ಇಲ್ಲ. ಸೀಡರ್ ರಿಡ್ಜ್ ಮುಟ್ಟಿದ ಪ್ರತಿಯೊಬ್ಬರೂ "ಇನ್ನೊಂದು ತಿರುವು" ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ, ಅವರು ಮುಖ ಸಿಂಡರಿಸುತ್ತಾರೆ. ವಾಪಸು ಹತ್ತುವಾಗ ಅರ್ಧ ದಾರಿಯಲ್ಲಿ ಆ ಸಿಂಡರಿಸಿದ ಮುಖ ತಾನೇ ಸರಿಯಾಗುತ್ತದೆ.

6. ಝಯಾನ್‌ನ ಏಂಜಲ್ಸ್ ಲ್ಯಾಂಡಿಂಗ್ ಹತ್ತಿಸುತ್ತೀರಾ?

ಅದು ನಮ್ಮ ಕಾರ್ಯಕ್ರಮದಲ್ಲಿಲ್ಲ. ಎರಡೂ ಬದಿ ಪ್ರಪಾತವಿರುವ ಕಲ್ಲಿನ ಬೆನ್ನಿನ ಮೇಲೆ ಸರಪಳಿ ಹಿಡಿದು ನಡೆಯುವ ಜಾಗ ಅದು. 2022ರ ಏಪ್ರಿಲ್ 1ರಿಂದ ಅಲ್ಲಿಗೆ ಹೋಗಲು ಪರವಾನಗಿ ಬೇಕು, ಅದನ್ನು ಲಾಟರಿಯಲ್ಲಿ ಕೊಡುತ್ತಾರೆ. ಹೋಗಲೇಬೇಕೆಂದರೆ ನೀವೇ ಅರ್ಜಿ ಹಾಕಿಕೊಳ್ಳಿ. ಬಂದರೆ ಎರಡನೆಯ ದಿನ ಬೆಳಿಗ್ಗೆ ನಿಮ್ಮನ್ನು ಬಿಟ್ಟುಕೊಡುತ್ತೇನೆ. ಬರದಿದ್ದರೆ ಸ್ಕೌಟ್ ಲುಕ್‌ಔಟ್‌ವರೆಗೆ ಪರವಾನಗಿ ಇಲ್ಲದೆ ಹೋಗಬಹುದು. ಅಲ್ಲಿಗೆ ಹೋಗುವಾಗ ಸಿಗುವ ವಾಲ್ಟರ್ಸ್ ವಿಗಲ್ಸ್ ಎಂಬ 21 ಅಂಕುಡೊಂಕು ತಿರುವುಗಳೇ ಹೆಚ್ಚಿನವರ ಆಸೆಯನ್ನು ತಣಿಸಿಬಿಡುತ್ತವೆ.

7. ದಿನಕ್ಕೆ ಎಷ್ಟು ನೀರು ಕುಡಿಯಬೇಕು?

ಮರುಭೂಮಿಯಲ್ಲಿ ಓಡಾಡುವವರಿಗೆ ದಿನಕ್ಕೆ ನಾಲ್ಕು ಲೀಟರ್ ಬೇಕೆಂದು ಉದ್ಯಾನಗಳ ಸಲಹೆ. ವ್ಯಾನಿನಲ್ಲಿ ದೊಡ್ಡ ಕ್ಯಾನುಗಳಿರುತ್ತವೆ, ನೀವು ಬಾಟಲಿ ತಂದರೆ ಸಾಕು. ಇಲ್ಲಿನ ಗಾಳಿ ಎಷ್ಟು ಒಣಗಿದೆಯೆಂದರೆ ಬೆವರು ಚರ್ಮದ ಮೇಲೆ ನಿಲ್ಲುವ ಮೊದಲೇ ಆರಿಹೋಗುತ್ತದೆ. "ನನಗೆ ಬೆವರೇ ಬರುತ್ತಿಲ್ಲ" ಎಂದು ಹೆಮ್ಮೆಪಡುವವರ ಟೊಪ್ಪಿಯ ಅಂಚು ನೋಡಿ, ಬಿಳಿ ಉಪ್ಪಿನ ಗೆರೆ ಕೂತಿರುತ್ತದೆ.

ಬರೀ ನೀರು ಕುಡಿಯುತ್ತಾ ಹೋಗುವುದೂ ತಪ್ಪು. ಉಪ್ಪು ತಿನ್ನದೆ ಲೀಟರ್‌ಗಟ್ಟಲೆ ನೀರು ಇಳಿಸಿದರೆ ರಕ್ತದ ಸೋಡಿಯಂ ಇಳಿದು ವಾಕರಿಕೆ, ಗೊಂದಲ ಶುರುವಾಗುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನ ರಕ್ಷಣಾ ಸಿಬ್ಬಂದಿ ಬಿಸಿಲಾಘಾತದಷ್ಟೇ ಗಂಭೀರವಾಗಿ ಇದನ್ನೂ ನೋಡುತ್ತಾರೆ. ಆದ್ದರಿಂದ ಉಪ್ಪು ಹಚ್ಚಿದ ಕಡಲೆಬೀಜ ಹಂಚುತ್ತಿರುತ್ತೇನೆ. ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರು ಮೊದಲೇ ತಿಳಿಸಿ.

8. ಮೋಡವೇ ಇಲ್ಲದ ದಿನ ಸೀಳು ಕಮರಿಯ ನಡಿಗೆಯನ್ನು ರದ್ದು ಮಾಡಿದ್ದೀರಂತೆ, ನಿಜವೇ?

ನಿಜ, ಒಂದಲ್ಲ ಹಲವು ಸಲ. ಈ ಪ್ರವಾಸದಲ್ಲಿ ನನಗೆ ಬರುವ ಬೈಗುಳದ ಬಹುಪಾಲು ಇದಕ್ಕೇ.

ಇಲ್ಲಿನ ನೆಲ ಬಹುಪಾಲು ಬೋಳು ಬಂಡೆ. ಬಿದ್ದ ಮಳೆಯನ್ನು ಹೀರಿಕೊಳ್ಳಲು ಮಣ್ಣಿಲ್ಲ, ತಡೆಯಲು ಗಿಡವಿಲ್ಲ. ಹತ್ತಾರು ಕಿ.ಮೀ. ಆಚೆ ಸುರಿದದ್ದೆಲ್ಲ ಒಂದೇ ಬಿರುಕಿಗೆ ಬಂದು ಸೇರುತ್ತದೆ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವ ಆ ಬಿರುಕಿನಲ್ಲಿ ನೀವು ನಿಂತು ಫೋಟೋ ತೆಗೆಯುತ್ತಿರುತ್ತೀರಿ. 1997ರ ಆಗಸ್ಟ್ 12ರಂದು ಅರಿಜೋನಾದ ಪೇಜ್ ಊರಿನ ಬಳಿಯ ಲೋವರ್ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ ಹೀಗೇ ಮೇಲ್ಭಾಗದಲ್ಲೆಲ್ಲೋ ಸುರಿದ ಮಳೆ ದಿಢೀರ್ ಪ್ರವಾಹವಾಗಿ ಬಂದು 11 ಜನ ಪ್ರವಾಸಿಗರು ಸತ್ತರು. ಈಗ ಅಲ್ಲಿ ಬಂಡೆಗೆ ಬಿಗಿದ ಲೋಹದ ಮೆಟ್ಟಿಲುಗಳಿವೆ, ಹವಾಮಾನದ ಮೇಲೆ ಕಣ್ಣಿದೆ, ಆ ನೆಲದ ಮೂಲನಿವಾಸಿಗಳಾದ ನವಾಹೋ ಜನರ ಮಾರ್ಗದರ್ಶಿ ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ.

ಝಯಾನ್‌ನ ನ್ಯಾರೋಸ್ ಎಂಬ ಇಕ್ಕಟ್ಟಾದ ಕಮರಿಯಲ್ಲಿ ನದಿಯೇ ಹಾದಿ. ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದರೆ ಉದ್ಯಾನದವರೇ ಮುಚ್ಚುತ್ತಾರೆ. ವಸಂತದಲ್ಲಿ ಹಿಮ ಕರಗುವ ಕಾಲಕ್ಕೆ ವಾರಗಟ್ಟಲೆ ಹೀಗಾಗುವುದುಂಟು. ನೀರಿನಲ್ಲಿ ನಿಂತಿರುವಾಗ ತಿಳಿನೀರು ಕದಡಿ ಕಂದಾದರೆ, ಕಡ್ಡಿ ಎಲೆ ತೇಲಿ ಬಂದರೆ, ಎಲ್ಲೋ ರೈಲಿನಂಥ ಸದ್ದು ಕೇಳಿದರೆ ಚೀಲ ಬಿಟ್ಟಾದರೂ ಎತ್ತರಕ್ಕೆ ಹತ್ತಬೇಕು. ನಾನು "ಹತ್ತಿ" ಎಂದಾಗ ಏಕೆ ಎಂದು ಕೇಳಬೇಡಿ. ಮೇಲೆ ಹೋದ ಮೇಲೆ ಎಷ್ಟು ಬೇಕಾದರೂ ವಾದ ಮಾಡೋಣ.

9. ಚೀಲದಲ್ಲಿ ಏನೇನಿರಬೇಕು?

ಒಂದರ ಮೇಲೊಂದು ಹಾಕಿ ತೆಗೆಯಬಹುದಾದ ತೆಳು ಬಟ್ಟೆಗಳು, ಗಾಳಿ ತಡೆಯುವ ಒಂದು ಜಾಕೆಟ್, ಉಣ್ಣೆಯ ಟೊಪ್ಪಿ. ಅಗಲ ಅಂಚಿನ ಬಿಸಿಲ ಟೊಪ್ಪಿಗೆ ಗದ್ದದ ಕೆಳಗೆ ಕಟ್ಟುವ ದಾರವಿರಲಿ. ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ ಗಾಳಿ ಬೀಸುತ್ತದೆ, ಹಾರಿದ ಟೊಪ್ಪಿಯನ್ನು ಹಿಡಿಯಲು ಹೋದವರು ಟೊಪ್ಪಿಯ ಹಿಂದೆಯೇ ಹೋಗುವ ಅಪಾಯವಿದೆ. ಕನಿಷ್ಠ ಒಂದು ತಿಂಗಳು ಹಾಕಿ ಪಳಗಿಸಿದ ಶೂ. ಹಣೆಗೆ ಕಟ್ಟುವ ಟಾರ್ಚ್.

ಪಟ್ಟಿಯಲ್ಲಿ ಯಾರೂ ಬರೆಯದ ಒಂದು ವಸ್ತು ಪೆಟ್ರೋಲಿಯಂ ಜೆಲ್ಲಿಯ ಪುಟ್ಟ ಡಬ್ಬಿ. ಮೂರನೆಯ ದಿನದ ಹೊತ್ತಿಗೆ ತುಟಿ ಬಿರಿಯುತ್ತದೆ, ಹಿಮ್ಮಡಿ ಸೀಳುತ್ತದೆ, ಬೆಳಿಗ್ಗೆ ಮೂಗು ಸೀನಿದರೆ ಕರವಸ್ತ್ರದಲ್ಲಿ ರಕ್ತದ ಎಳೆ ಕಾಣುತ್ತದೆ. ಗಾಬರಿಯಾಗಬೇಡಿ, ಅದು ಒಣಗಾಳಿ. ಮಲಗುವ ಮುನ್ನ ಮೂಗಿನ ಒಳಗೆ ಬೆರಳ ತುದಿಯಷ್ಟು ಸವರಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕನ್ನಡಕವನ್ನೂ ತನ್ನಿ.

10. ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಏಳನೆಯ ದಿನದ ಹೊತ್ತಿಗೆ ಹುರುಳಿಕಾಯಿಯ ಮೇಲೆ ಪ್ರಾಣ ಹೋಗುವಷ್ಟು ಆಸೆಯಾಗುತ್ತದೆ. ಮೋಆಬ್ ಮತ್ತು ಸ್ಪ್ರಿಂಗ್‌ಡೇಲ್‌ನಲ್ಲಿ ಆಯ್ಕೆ ಚೆನ್ನಾಗಿದೆ. ಉಳಿದೆಡೆ ಬೀನ್ಸ್ ತುಂಬಿದ ಬರೀಟೋ, ಚೀಸ್ ಹಾಕಿದ ಏನಾದರೊಂದು, ಸಲಾಡ್. ಮಸೆದ ಬೀನ್ಸ್‌ಗೆ ಕೆಲವು ಕಡೆ ಹಂದಿಯ ಕೊಬ್ಬು ಹಾಕುತ್ತಾರೆ. "ಲಾರ್ಡ್ ಹಾಕಿದ್ದೀರಾ" ಎಂದು ಕೇಳಿಯೇ ತಿನ್ನಿ. ನವಾಹೋ ನಾಡಿನಲ್ಲಿ ಫ್ರೈ ಬ್ರೆಡ್ ಎಂಬ ಎಣ್ಣೆಯಲ್ಲಿ ಕರಿದ, ಉಬ್ಬಿದ ರೊಟ್ಟಿ ಸಿಗುತ್ತದೆ. ಜೇನು ಹಾಕಿ ತಿಂದರೆ ಒಬ್ಬರಿಗೆ ಒಂದು ಹೆಚ್ಚು.

ಕ್ಯಾಪಿಟಲ್ ರೀಫ್ ಒಳಗೆ ಫ್ರೂಟಾ ಎಂಬಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು 1880ರ ದಶಕದಿಂದ ಬೆಳೆಸಿದ ಹಣ್ಣಿನ ತೋಟಗಳನ್ನು ಉದ್ಯಾನದವರೇ ಈಗಲೂ ನೋಡಿಕೊಳ್ಳುತ್ತಾರೆ. ಕೊಯ್ಲಿನ ಕಾಲದಲ್ಲಿ ತೆರೆದ ತೋಟಕ್ಕೆ ನುಗ್ಗಿ, ಕಿತ್ತು, ಅಲ್ಲೇ ತಿನ್ನಬಹುದು. ಕಟ್ಟಿಕೊಂಡು ಹೋಗುವುದಕ್ಕೆ ಮಾತ್ರ ದುಡ್ಡು.

11. ಪ್ರವೇಶ ಶುಲ್ಕ ಪ್ಯಾಕೇಜಿನಲ್ಲಿ ಸೇರಿದೆಯೇ?

ಮಾಮೂಲಿ ಶುಲ್ಕ ಸೇರಿದೆ. ಹೊಸದೊಂದು ಸೇರಿಲ್ಲ, ದಯವಿಟ್ಟು ಗಮನಿಸಿ. 2026ರ ಜನವರಿ 1ರಿಂದ ಅಮೆರಿಕದ ನಿವಾಸಿಗಳಲ್ಲದ, ವಾರ್ಷಿಕ ಪಾಸ್ ಇಲ್ಲದ, 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ 11 ಉದ್ಯಾನಗಳಲ್ಲಿ ಪ್ರವೇಶ ಶುಲ್ಕದ ಮೇಲೆ ತಲಾ 100 ಡಾಲರ್ ಹೆಚ್ಚುವರಿ ವಿಧಿಸಿದ್ದಾರೆ. ನಮ್ಮ ದಾರಿಯಲ್ಲಿ ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಈ ಮೂರೂ ಆ ಪಟ್ಟಿಯಲ್ಲಿವೆ. ವಾರ್ಷಿಕ ಪಾಸ್ ನಿವಾಸಿಗಳಿಗೆ 80 ಡಾಲರ್, ಇತರರಿಗೆ 250. ಮಗ, ಮಗಳು ಅಲ್ಲಿ ನೆಲೆಸಿದ್ದು ತಂದೆತಾಯಿ ಮಾತ್ರ ಭೇಟಿಗೆ ಬಂದಿರುವ ಕುಟುಂಬಗಳು ನಮ್ಮಲ್ಲಿ ಹೆಚ್ಚು. ಆಗ ಒಂದೇ ಮನೆಯವರಿಗೆ ಎರಡು ಲೆಕ್ಕ. ಯಾರು ನಿವಾಸಿ, ಯಾರು ಅತಿಥಿ ಎಂದು ಬುಕ್ ಮಾಡುವಾಗಲೇ ಬರೆಯಿರಿ. ನಿವಾಸಿಗಳು ಅಮೆರಿಕದ ಗುರುತಿನ ಚೀಟಿ, ಅತಿಥಿಗಳು ಪಾಸ್‌ಪೋರ್ಟ್ ಕೈಚೀಲದಲ್ಲೇ ಇಟ್ಟುಕೊಳ್ಳಿ.

12. ಟಿಪ್ಸ್?

ಕೇಳಲು ನಿಮಗೆ ಸಂಕೋಚ, ಹೇಳಲು ನನಗೆ. ಹೋಟೆಲಿನಲ್ಲಿ ಬಡಿಸಿದವರಿಗೆ ಬಿಲ್ಲಿನ 15ರಿಂದ 20 ಪ್ರತಿಶತ ಕೊಡುವುದು ಅಮೆರಿಕದ ರೂಢಿ. ಅವರ ಸಂಬಳ ನಿಂತಿರುವುದೇ ಅದರ ಮೇಲೆ. ನವಾಹೋ ಮಾರ್ಗದರ್ಶಿಗಳಿಗೆ ಕೊಡಲು ಚಿಲ್ಲರೆ ನೋಟು ಇರಲಿ. ನನಗೆ ಕೊಡುವುದು ಬಿಡುವುದು ನಿಮ್ಮಿಷ್ಟ.

13. ಗಡಿಯಾರ ಎಷ್ಟು ಸಲ ತಿರುಗಿಸಬೇಕು?

ಇದು ತಮಾಷೆಯ ಪ್ರಶ್ನೆಯಲ್ಲ. ನಾವು ಹೋಗುವ ತಿಂಗಳುಗಳಲ್ಲಿ ಯೂಟಾ ನೆವಾಡಾಕ್ಕಿಂತ ಒಂದು ಗಂಟೆ ಮುಂದೆ. ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದೂಡುವುದಿಲ್ಲ, ಹಾಗಾಗಿ ಅದು ಯೂಟಾಕ್ಕಿಂತ ಒಂದು ಗಂಟೆ ಹಿಂದೆ. ಆದರೆ ಅರಿಜೋನಾದೊಳಗೇ ಇರುವ ನವಾಹೋ ನೇಷನ್ ಮುಂದೂಡುತ್ತದೆ. ಆಂಟಿಲೋಪ್ ಕ್ಯಾನ್ಯನ್ ನವಾಹೋ ನೆಲದಲ್ಲೇ ಇದ್ದರೂ ಅಲ್ಲಿನ ಪ್ರವಾಸಗಳು ಪಕ್ಕದ ಪೇಜ್ ಊರಿನ ಅರಿಜೋನಾ ಸಮಯಕ್ಕೆ ನಡೆಯುತ್ತವೆ. ಮೊಬೈಲ್ ಯಾವ ಟವರ್ ಹಿಡಿಯಿತೋ ಆ ಸಮಯ ತೋರಿಸುತ್ತದೆ.

ನನ್ನ ಮೊದಲ ವರ್ಷ ಮಾನ್ಯುಮೆಂಟ್ ವ್ಯಾಲಿಯಲ್ಲಿ ಹನ್ನೊಂದು ಜನರನ್ನು ಕತ್ತಲಲ್ಲಿ ಎಬ್ಬಿಸಿ, ತಿಂಡಿಯನ್ನೂ ತಿನ್ನಲು ಬಿಡದೆ, ಪೇಜ್‌ಗೆ ಓಡಿಸಿಕೊಂಡು ಬಂದೆ. ಮುಚ್ಚಿದ ಗೇಟಿನ ಮುಂದೆ ಒಂದು ಗಂಟೆ ಜಲ್ಲಿಕಲ್ಲಿನ ಮೇಲೆ ಕೂತೆವು. ತಡವಾಗಿ ಬಂದಿದ್ದರೆ ದುಡ್ಡು ಹೋಗುತ್ತಿತ್ತು. ಬೇಗ ಬಂದದ್ದಕ್ಕೆ ಮರ್ಯಾದೆ ಮಾತ್ರ ಹೋಯಿತು. ಅಂದಿನಿಂದ ನನ್ನ ಎಡಗೈಯಲ್ಲಿ ಮುಳ್ಳಿನ ಗಡಿಯಾರವಿದೆ. ಪ್ರವಾಸದ ಅಧಿಕೃತ ಸಮಯ ಅದೇ.

14. ಮೊಬೈಲ್ ಸಿಗ್ನಲ್?

ಊರುಗಳಲ್ಲಿ ಇರುತ್ತದೆ, ನಡುವೆ ಇರುವುದಿಲ್ಲ. ಬ್ರೈಸ್‌ನಿಂದ ಟೋರಿವರೆಗಿನ 12ನೆಯ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಸುಳಿವಿಲ್ಲ. ನನ್ನ ಬಳಿ ತುರ್ತಿಗೆ ಉಪಗ್ರಹ ಸಂದೇಶ ಸಾಧನವಿದೆ. ಮನೆಯವರಿಗೆ "ಫೋನ್ ಬರದಿದ್ದರೆ ಹೆದರಬೇಡಿ" ಎಂದು ಹೇಳಿ ಬನ್ನಿ.

15. ಶೌಚಾಲಯದ ವ್ಯವಸ್ಥೆ?

ನಾಲ್ಕು ಜನ ಕೇಳಬೇಕೆಂದು ಬಂದು ಒಬ್ಬರು ಕೇಳುವ ಪ್ರಶ್ನೆ. ಎರಡು ಗಂಟೆಗೊಮ್ಮೆ ನಿಲ್ಲಿಸುತ್ತೇನೆ. ಹಾದಿಗಳ ಆರಂಭದಲ್ಲಿ ಸಾಮಾನ್ಯವಾಗಿ ನೀರಿಲ್ಲದ ಗುಂಡಿ ಶೌಚಾಲಯಗಳಿರುತ್ತವೆ, ಕಾಗದವಿರುತ್ತದೆ, ಕೈ ತೊಳೆಯಲು ನೀರಿರುವುದಿಲ್ಲ. ಹಾಗೆಂದು ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದು ಬೇಡ. ಮಧ್ಯದಲ್ಲಿ ನಿಲ್ಲಿಸಬೇಕೆಂದರೆ ಹೇಳಿ, ನಿಲ್ಲಿಸುತ್ತೇನೆ.

16. ಅಪಾಯಕಾರಿ ಪ್ರಾಣಿಗಳಿವೆಯೇ?

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಜನರನ್ನು ಅತಿ ಹೆಚ್ಚು ಕಚ್ಚುವ ಪ್ರಾಣಿಗಳ ಸಾಲಿನಲ್ಲಿ ಅಳಿಲು ಮುಂಚೂಣಿಯಲ್ಲಿದೆ. ಚಿಪ್ಸ್ ತೋರಿಸಿ ಕರೆಯುತ್ತಾರೆ, ಬೆರಳಿಗೆ ಹೊಲಿಗೆ ಹಾಕಿಸಿಕೊಳ್ಳುತ್ತಾರೆ. ಬುಡುಬುಡಿಕೆ ಹಾವುಗಳಿವೆ, ಕಾಣುವುದು ಅಪರೂಪ. ಕೈಯನ್ನೂ ಕಾಲನ್ನೂ ಕಣ್ಣಿಗೆ ಕಾಣದ ಸಂದಿಗೆ ಇಡದಿದ್ದರೆ ಆಯಿತು. ಎಲ್ಕ್ ಎಂಬ ದೊಡ್ಡ ಜಿಂಕೆ ದಕ್ಷಿಣ ಅಂಚಿನಲ್ಲಿ ಹಸುವಿನಂತೆ ಓಡಾಡುತ್ತದೆ, ಶರತ್ಕಾಲ ಅದರ ಬೆದೆಯ ಕಾಲ. ಮೂವತ್ತು ಮೀಟರ್ ದೂರವಿರಿ.

ನೋಡಲೇಬೇಕಾದದ್ದು ಕ್ಯಾಲಿಫೋರ್ನಿಯಾ ಕಾಂಡೋರ್. ರೆಕ್ಕೆ ಬಿಚ್ಚಿದರೆ ಸುಮಾರು ಮೂರು ಮೀಟರ್ ಅಗಲದ ರಣಹದ್ದು. 1982ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದವು 22. ಎಲ್ಲವನ್ನೂ ಹಿಡಿದು, ಮರಿ ಮಾಡಿಸಿ, 1996ರಿಂದ ಅರಿಜೋನಾದಲ್ಲಿ ಮತ್ತೆ ಬಿಟ್ಟರು. ರೆಕ್ಕೆಯ ಮೇಲೆ ಸಂಖ್ಯೆಯ ಚೀಟಿ ಇರುತ್ತದೆ. ದುರ್ಬೀನು ಹಿಡಿದು ಸಂಖ್ಯೆ ಓದಿದ ಮೊದಲಿಗರಿಗೆ ಅಂದು ವ್ಯಾನಿನ ಮುಂದಿನ ಸೀಟು.

17. ಡ್ರೋನ್ ತರಬಹುದೇ? ನೆನಪಿಗೊಂದು ಕೆಂಪು ಕಲ್ಲು?

ಎರಡೂ ಕಾನೂನಿಗೆ ವಿರುದ್ಧ. ಡ್ರೋನ್ ಹಾರಿಸಿದರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು.

ಇನ್ನೊಂದು ನಿಯಮಕ್ಕೆ ಫಲಕ ಚಿಕ್ಕದು, ಹಾನಿ ದೊಡ್ಡದು. ಮೋಆಬ್ ಸುತ್ತ ಹಾದಿಯ ಪಕ್ಕದಲ್ಲಿ ಬಗ್ಗಿ ನೋಡಿ. ಮರಳಿನ ಮೇಲೆ ಕಪ್ಪಗೆ, ಗೆದ್ದಲು ಕಟ್ಟಿದ ಪುಟ್ಟ ಗೋಪುರಗಳಂತೆ, ಅಂಗುಲದೆತ್ತರದ ಒರಟು ತೊಗಟೆ ಕಾಣುತ್ತದೆ. ಯಾರೋ ಸುಟ್ಟು ಬಿಟ್ಟ ಮಣ್ಣೇನೋ ಅನ್ನಿಸುತ್ತದೆ. ಅದು ಬದುಕಿದೆ. ಸೈನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಎಲ್ಲ ಸೇರಿ ಮರಳಿನ ಕಣಗಳನ್ನು ನೂಲಿನಿಂದ ಹೊಲಿದಂತೆ ಹಿಡಿದಿಟ್ಟಿವೆ. ಗಾಳಿಗೆ ಮರಳು ಹಾರದಂತೆ, ಮಳೆನೀರು ಇಂಗುವಂತೆ, ಗಿಡಕ್ಕೆ ಸಾರಜನಕ ಸಿಗುವಂತೆ ಮಾಡುವುದು ಅದೇ. ಒಂದು ಹೆಜ್ಜೆ ಇಟ್ಟರೆ ಬಿಸ್ಕತ್ತು ಮುರಿದ ಸದ್ದಾಗುತ್ತದೆ. ಆ ಹೆಜ್ಜೆ ಮಾಯಲು ದಶಕಗಳೇ ಬೇಕಾಗಬಹುದು. ಚಂದದ ಫೋಟೋ ಕೋನ ಯಾವಾಗಲೂ ಹಾದಿಯಿಂದ ಎರಡು ಹೆಜ್ಜೆ ಆಚೆಯೇ ಇರುತ್ತದೆ ಎಂಬುದು ನನಗೂ ಗೊತ್ತು. ಆದರೂ ಬೇಡ. ಬಂಡೆಯ ಮೇಲೆ, ಒಣ ಹಳ್ಳದ ಮರಳಿನಲ್ಲಿ ಎಷ್ಟು ಬೇಕಾದರೂ ಓಡಾಡಿ.

18. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ವಿಷ್ಣು ದೇವಾಲಯ ಇದೆಯಂತೆ?

ಇದೆ, ಪೂಜಾರಿ ಇಲ್ಲ. ಕಮರಿಯೊಳಗೆ ಗೋಪುರದಂತೆ ಎದ್ದು ನಿಂತ ಶಿಖರಗಳಿಗೆ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ 1880ರ ದಶಕದಲ್ಲಿ ಪೂರ್ವ ದೇಶಗಳ ದೇವರ ಹೆಸರಿಡುವ ಪರಿಪಾಠ ಹಾಕಿದ. ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್, ಶಿವ ಟೆಂಪಲ್. ಜೊತೆಗೆ ಕೃಷ್ಣ ಶ್ರೈನ್, ರಾಮ ಶ್ರೈನ್, ಬುದ್ಧ ಟೆಂಪಲ್‌ಗಳೂ ನಕ್ಷೆಯಲ್ಲಿವೆ. ತಳದ ಕಪ್ಪು ಬಂಡೆಗೂ ವಿಷ್ಣು ಶಿಸ್ಟ್ ಎಂದೇ ಹೆಸರು, ವಯಸ್ಸು ಸುಮಾರು 170 ಕೋಟಿ ವರ್ಷ. ನೀವು ನಿಲ್ಲುವ ಅಂಚಿನ ಕೈಬಾಬ್ ಸುಣ್ಣಕಲ್ಲಿನ ವಯಸ್ಸು 27 ಕೋಟಿ. ಸಂಜೆ ಬಿಸಿಲು ಓರೆಯಾದಾಗ ಪೂರ್ವ ದಿಕ್ಕಿನಲ್ಲಿ ವಿಷ್ಣು ಶಿಖರವನ್ನು ತೋರಿಸುತ್ತೇನೆ. ಹೋದ ಸಲ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು ನಿಂತು ಕೈಮುಗಿದರು. ಪಕ್ಕದಲ್ಲಿದ್ದ ಮೊಮ್ಮಗಳು ನಾಚಿಕೊಂಡು ಅತ್ತಿತ್ತ ನೋಡಿ, ಆಮೇಲೆ ತಾನೂ ಶೂ ಬಿಚ್ಚಿದಳು.

19. ಮಾನ್ಯುಮೆಂಟ್ ವ್ಯಾಲಿಯೂ ರಾಷ್ಟ್ರೀಯ ಉದ್ಯಾನವೇ?

ಅಲ್ಲ. ಅದು ನವಾಹೋ ಜನರ ಸ್ವಂತ ಉದ್ಯಾನ. ಅವರ ನೆಲ, ಅವರ ಕಾನೂನು. ಅಮೆರಿಕದ ಉದ್ಯಾನ ಪಾಸ್ ಅಲ್ಲಿ ನಡೆಯುವುದಿಲ್ಲ, ಮದ್ಯ ತರುವಂತಿಲ್ಲ. 27 ಕಿ.ಮೀ. ಮಣ್ಣಿನ ರಸ್ತೆಯನ್ನು ಅವರ ಜೀಪಿನಲ್ಲಿ, ಅವರ ಮಾರ್ಗದರ್ಶಿಯೊಂದಿಗೆ ಸುತ್ತುತ್ತೇವೆ. ಆ ಹೊತ್ತು ನಾನೂ ಹಿಂದಿನ ಸೀಟಿನ ಪ್ರವಾಸಿ. ಜನರ, ಮನೆಗಳ ಫೋಟೋ ಕೇಳದೆ ತೆಗೆಯಬೇಡಿ.

20. ನಕ್ಷತ್ರ ನೋಡಲು ಸಮಯವಿದೆಯೇ?

ಮೂರನೆಯ ರಾತ್ರಿ, ಬ್ರೈಸ್‌ನಲ್ಲಿ, ಹುಣ್ಣಿಮೆಯ ಆಸುಪಾಸು ಇಲ್ಲದಿದ್ದರೆ. ಎತ್ತರ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ: ಗಾಳಿ ತೆಳು, ಒಣ, ಹತ್ತಿರ ದೊಡ್ಡ ಊರಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಯಾರೂ ಮೊಬೈಲ್ ತೆಗೆಯಬಾರದು. ಒಬ್ಬರು ತೆಗೆದರೆ ಹನ್ನೆರಡು ಜನಕ್ಕೂ ಮತ್ತೆ ಮೊದಲಿನಿಂದ ಲೆಕ್ಕ. ಈ ಪ್ರವಾಸದ ಏಕೈಕ ಜಗಳ ಸಾಮಾನ್ಯವಾಗಿ ಅಲ್ಲೇ ಆಗುತ್ತದೆ.

ಬೆಳಿಗ್ಗೆ ಅದೇ ಜಾಗದಲ್ಲಿ ಕಲ್ಲುಕಂಬಗಳ ಕೆಲಸ ನಡೆಯುವುದನ್ನು ಕೇಳಬಹುದು. ವರ್ಷದ ಅರ್ಧದಷ್ಟು ರಾತ್ರಿ ಇಲ್ಲಿ ಬಿರುಕಿನ ನೀರು ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಹೆಪ್ಪುಗಟ್ಟಿದಾಗ ಹಿಗ್ಗಿ ಕಲ್ಲನ್ನು ಸೀಳುತ್ತದೆ. ಮೊದಲ ಬಿಸಿಲು ತಾಗಿದಾಗ ಎಲ್ಲೋ ಒಂದು ಹರಳು ಕಳಚಿ ಉರುಳುವ ಚಿಟಿಲ್ ಸದ್ದು. ಇಲ್ಲಿನ ಮೂಲನಿವಾಸಿಗಳಾದ ಪೈಯೂಟ್ ಜನರ ಕಥೆಯಲ್ಲಿ ಈ ಕಂಬಗಳೆಲ್ಲ ಕೆಟ್ಟದಾಗಿ ನಡೆದುಕೊಂಡು ಕಾಯೋಟಿ ಎಂಬ ತೋಳದಂಥ ಪ್ರಾಣಿಯ ಕೋಪಕ್ಕೆ ಕಲ್ಲಾದ ಜೀವಿಗಳು. ಅಹಲ್ಯೆಯ ಕಥೆ ಕೇಳಿ ಬೆಳೆದವರಿಗೆ ವಿವರಿಸುವುದೇ ಬೇಕಾಗುವುದಿಲ್ಲ.

21. ಮಕ್ಕಳನ್ನು ಕರೆತರಬಹುದೇ?

ಎಂಟು ವರ್ಷ ದಾಟಿದವರನ್ನು. ಉದ್ಯಾನಗಳಲ್ಲಿ ಜೂನಿಯರ್ ರೇಂಜರ್ ಪುಸ್ತಕ ಕೊಡುತ್ತಾರೆ. ಪ್ರಶ್ನೆಗಳಿಗೆ ಉತ್ತರ ಬರೆದು, ಪ್ರತಿಜ್ಞೆ ಹೇಳಿದರೆ ಬ್ಯಾಡ್ಜ್. ಅಂಚಿನಲ್ಲಿ ಬೇಲಿ ಎಲ್ಲ ಕಡೆ ಇರುವುದಿಲ್ಲ. ಮಗುವಿನ ಕೈ ನಿಮ್ಮ ಕೈಯಲ್ಲಿರಬೇಕು, ನಿಮ್ಮ ಕೈಯಲ್ಲಿ ಮೊಬೈಲ್ ಇರಬಾರದು.

22. ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರ ಅಂಚಿಗೆ ಏಕೆ ಹೋಗುವುದಿಲ್ಲ?

ಅದು ಇನ್ನೂ ಎತ್ತರ, ಹಿಮದಿಂದಾಗಿ ವರ್ಷದ ಅರ್ಧ ಮುಚ್ಚಿರುತ್ತದೆ. 2025ರ ಜುಲೈನ ಕಾಳ್ಗಿಚ್ಚಿನಲ್ಲಿ ಅಲ್ಲಿನ ಹಳೆಯ ಲಾಡ್ಜ್ ಕೂಡ ಸುಟ್ಟುಹೋಯಿತು. ಅಲ್ಲಿನ ಪೈನ್ ಕಾಡಿನ ಅಂಚಿನಲ್ಲಿ ಕೂತು ಕಾಫಿ ಕುಡಿದ ಬೆಳಗುಗಳು ನೆನಪಾದರೆ ನನಗೆ ಈಗಲೂ ಸಂಕಟ.

23. ಕೊನೆಯ ದಿನ ವಿಮಾನ ಎಷ್ಟು ಗಂಟೆಗೆ ಬುಕ್ ಮಾಡಲಿ?

ಗ್ರ್ಯಾಂಡ್ ಕ್ಯಾನ್ಯನ್‌ನಿಂದ ಲಾಸ್ ವೇಗಾಸ್ 450 ಕಿ.ಮೀ., ನಾಲ್ಕೂವರೆ ಗಂಟೆಯ ದಾರಿ, ನಡುವೆ ಹೂವರ್ ಅಣೆಕಟ್ಟಿನ ಬಳಿ ಒಂದು ನಿಲುಗಡೆ. ನಾಲ್ಕು ಗಂಟೆಗೆ ತಲುಪಿಸುತ್ತೇನೆ. ರಾತ್ರಿ ಎಂಟರ ನಂತರದ ವಿಮಾನ ನೋಡಿ. ಮೇಲಿನ ಊರಿನಲ್ಲಿ ಮುಚ್ಚಳ ಬಿಗಿದ ಖಾಲಿ ಬಾಟಲಿಗಳು ಇಳಿಯುತ್ತಾ ಚೀಲದೊಳಗೆ ಒಂದೊಂದಾಗಿ ಪಟ್ ಪಟ್ ಎಂದು ನಜ್ಜುಗುಜ್ಜಾಗುತ್ತವೆ. ಸದ್ದಿಗೆ ಬೆಚ್ಚಬೇಡಿ.